ಐದಕ್ಕೂ ಆರಕ್ಕೂ ನಡುವೆ

ಮೈಕಿನ ತಲೆಗೆ ಸುತ್ತಿದ ಸ್ಪಂಜು ಒಂದು ಕಡೆ ಹರಿದಿದೆ, ಇಲಿ ಕಡಿದ ಹಾಗೆ, ಒಳಗಿನ ಜಾಲರಿ ಕಾಣುತ್ತಿದೆ, ಶಾಲು ಹೊದ್ದ ಕಾದಂಬರಿಕಾರರು ಅದನ್ನು ತುಟಿಗೆ ಒತ್ತಿಕೊಂಡೇ ಮಾತಾಡುತ್ತಿದ್ದಾರೆ, ಆಮೇಲೆ ಅದು ಕೆಮ್ಮಿನ ಕವಿಯ ಕೈಗೆ, ಅವರಿಂದ ನನಗೆ, ಅಂದರೆ ಇಬ್ಬರ ಎಂಜಲು ದಾಟಿ ನನ್ನ ಸರದಿ — ರಚನೆ ಅನ್ನೋದು ಒಂದು ಕಟ್ಟಡ, ಅನ್ನುತ್ತಿದ್ದಾರೆ ಶಾಲಿನವರು, ಅಡಿಪಾಯ, ಕಂಬ, ಕಿಟಕಿ, ನನ್ನ ಪ್ರತಿ ಕಾದಂಬರಿಯಲ್ಲೂ ಓದುಗರಿಗೆ ಅಂತ ನಾನು ಒಂದು ಕಿಟಕಿ ತೆರೆದಿಟ್ಟಿರುತ್ತೇನೆ — ಇಡಿ ಮಹರಾಯರೆ, ಸೊಳ್ಳೆ ಬರಲಿ. ಸಭೆ ತಲೆದೂಗುತ್ತಿದೆ. ಕಾಲೇಜಿನ ಸಭಾಂಗಣ, ಮೇಲೆ ಫ್ಯಾನುಗಳು ತಿರುಗುತ್ತಿವೆ, ಗಾಳಿ ಮಾತ್ರ ಕೆಳಗೆ ಇಳಿಯುತ್ತಿಲ್ಲ, ಹಿಂದಿನ ಬಟ್ಟೆಯ ಮೇಲೆ ‘ನಮ್ಮ ಬರವಣಿಗೆಯ ಆಕಾರ’ ಅಂತ ದೊಡ್ಡದಾಗಿ ಬರೆದು ಅದರ ಕೆಳಗೆ ನಮ್ಮನ್ನು ಸಾಲಾಗಿ ಕೂರಿಸಿದ್ದಾರೆ, ಅಂಗಡಿಯ ಗಾಜಿನಲ್ಲಿ ಬೊಂಬೆ ಇಟ್ಟ ಹಾಗೆ, ನಡುವೆ ಕಾಲೇಜಿನ ಮೇಡಂ, ಪ್ರಶ್ನೆ ಕೇಳುವವರು ಅವರು. ಮೂರನೇ ಸಾಲಿನಲ್ಲಿ ಅಣ್ಣ. ಬರಲ್ಲ ಅಂದುಕೊಂಡಿದ್ದೆ. ಶಾಲಾ ವ್ಯಾನ್ ಓಡಿಸುವಾಗಿನ ಖಾಕಿ ಬಿಟ್ಟು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಾನೆ, ತೋಳಿನ ಮೇಲೆ ಎರಡೆರಡು ಗೆರೆ, ಇಲ್ಲಿಂದಲೇ ಕಾಣುತ್ತದೆ, ಯಾವನೋ ಕೈಬಾರದವನು ಇಸ್ತ್ರಿ ಮಾಡಿದ್ದು, ಅಂದರೆ ನನ್ನ ಲಾಂಡ್ರಿಗೆ ಬಟ್ಟೆ ಹಾಕೋದು ಬಿಟ್ಟವನು ಬೇರೆ ಅಂಗಡಿ ಹಿಡಿದಿದ್ದಾನೆ, ಹಿಡಿಯಲಿ, ಎರಡು ಗೆರೆ ಹೊತ್ತುಕೊಂಡು ಓಡಾಡಲಿ. ಅವನ ಪಕ್ಕದಲ್ಲಿ ಅವನ ಮಗಳು ಗುಬ್ಬಿ, ಪಕ್ಕದಲ್ಲಿ ಅಂದರೆ ಪಕ್ಕದಲ್ಲೂ ಅಲ್ಲ, ನಡುವೆ ಒಂದು ಕುರ್ಚಿ ಬಿಟ್ಟು, ಆ ಕುರ್ಚಿಯ ಮೇಲೆ ಅವಳ ಬ್ಯಾಗು, ಬ್ಯಾಗಿನ ಮೇಲೆ ನನ್ನ ಪುಸ್ತಕ. ಮೊದಲೆಲ್ಲ ಅಪ್ಪನ ಹೆಗಲಿಗೆ ತಲೆ ಕೊಟ್ಟು ಬಸ್ಸಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗಿ.

ಅವನು ಬಂದ ಕಾರಣ ನನಗೆ ಗೊತ್ತು. ಆವತ್ತು ಅಂಗಡಿಯಲ್ಲಿ, ಮಧ್ಯಾಹ್ನದ ಹೊತ್ತು, ಗಿರಾಕಿ ಇಲ್ಲ, ನಾನು ಯಾವುದೋ ಆಫೀಸಿನವರ ಅಂಗಿಯ ಕಾಲರ್ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೇನೆ, ಅಣ್ಣ ಬಂದು ಕೌಂಟರಿನ ಮೇಲೆ ಪುಸ್ತಕ ಇಟ್ಟ, ಮೆಲ್ಲಗೆ ಇಟ್ಟ, ಎಸೆದಿದ್ದರೆ ನನಗೂ ಸಲೀಸಾಗುತ್ತಿತ್ತು, ನಾನೂ ಕೂಗಾಡಬಹುದಿತ್ತು. ಓದಿದೆ ಕಣೇ, ಅಂದ. ಓದಿದ್ಯಾ, ಆಶ್ಚರ್ಯ, ಡ್ರೈವಿಂಗ್ ಲೈಸೆನ್ಸ್ ಬಿಟ್ಟು ಏನೂ ಓದದವನು. ಗುಬ್ಬಿ ಓದಿದಳು, ಓದಿ ನನ್ನನ್ನ ಒಂದು ಮಾತು ಕೇಳಿದಳು, ಅದಕ್ಕೇ ನಾನೂ ಓದಿದೆ. ಏನು ಕೇಳಿದಳು. ಅಪ್ಪ, ಅಜ್ಜಿ ಒಳಗೇ ಸತ್ತಳಾ ಅಂತ. ಕಾಲರ್ ಸುಟ್ಟುಹೋಗುತ್ತಿತ್ತು, ಪೆಟ್ಟಿಗೆ ಎತ್ತಿ ನಿಲ್ಲಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ನೀನ್ಯಾಕೆ ಹೆಗಲು ಮುಟ್ಟಿ ನೋಡಿಕೊಳ್ತೀಯ, ಅದು ಕಾದಂಬರಿ, ಅದರೊಳಗಿರೋನು ವ್ಯಾನ್ ಡ್ರೈವರಲ್ಲ, ಗೋದಾಮಿನ ಕಾವಲುಗಾರ, ಅಂದೆ. ಕಾವಲುಗಾರನ ಎಡಗಿವಿ ಹರಿದಿದೆಯಲ್ಲೇ, ಅಂದ, ತನ್ನ ಎಡಗಿವಿ ಮುಟ್ಟಿಕೊಂಡು. ಹೌದು, ಕಿವಿ ಬದಲಾಯಿಸೋದು ಮರೆತಿದ್ದೆ. ಸರಿ, ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸು, ಒಂದೇ ಒಂದು ಸಾಲು ಸುಳ್ಳು ತೋರಿಸು ಅಂದೆ, ಅಂದರೆ ಸವಾಲು ಹಾಕಿದೆ, ನನ್ನ ಮೂಗಿನ ತುದಿಯ ಕೋಪ ನಿಮಗೆ ಗೊತ್ತಿಲ್ಲ, ಯಾರಿಗೆ ಹೇಳುತ್ತಿದ್ದೇನೆ, ಅವನಿಗೆ ಚೆನ್ನಾಗಿ ಗೊತ್ತು, ಒಣಮೆಣಸಿನಕಾಯಿ ಅಂತ ಹೆಸರಿಟ್ಟವನೇ ಅವನು. ಅವನು ಪುಟ ತಿರುವಿದ, ನಿಧಾನ, ಬೆರಳಿಗೆ ಎಂಜಲು ಹಚ್ಚಿಕೊಂಡು, ನಾನು ಆ ಹೊತ್ತಿಗೆ ಇನ್ನೊಂದು ಅಂಗಿ ಮುಗಿಸಿದೆ. ಸುಳ್ಳು ಇಲ್ಲ ಕಣೇ, ಅಂದ. ಅದೇ ತೊಂದರೆ. ನಾನು ಅಮ್ಮನನ್ನ ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗ್ತಿದ್ದದ್ದು ನಿಜ. ಅಮ್ಮ ಸತ್ತದ್ದೂ ನಿಜ. ನೀನು ಅವೆರಡನ್ನೂ ತಂದು ಪಕ್ಕಪಕ್ಕ ಇಟ್ಟಿದ್ದೀಯ. ಟೈಲರಮ್ಮ ಎಲ್ಲಿ ಹೋದಳು ಇದರಲ್ಲಿ. ಎದುರುಮನೆಯ ಟೈಲರಮ್ಮ, ಹೊಲಿಗೆ ಮಿಷನ್ ತುಳಿಯುತ್ತಲೇ ಅಮ್ಮನ ಮೇಲೆ ಕಣ್ಣಿಟ್ಟವಳು, ಈಗ ಅವಳೂ ಇಲ್ಲ. ಅವಳನ್ನು ತೆಗೆದೆ, ಪಾತ್ರ ಜಾಸ್ತಿಯಾಯ್ತು, ಅಂದೆ. ಅಣ್ಣ ನನ್ನನ್ನು ನೋಡಿದ. ಅವಳ ಕೈಯಲ್ಲಿ ಇನ್ನೊಂದು ಕೀಲಿ ಇತ್ತಲ್ಲೇ, ಅಂದ.

ಈಗ ಕೆಮ್ಮಿನ ಕವಿ. ಮೊದಲು ಕೆಮ್ಮು, ಆಮೇಲೆ ಕ್ಷಮಿಸಿ, ಮತ್ತೆ ಕೆಮ್ಮು. ನನಗೆ ರೂಪ ಅನ್ನೋದು ಉಸಿರು, ಅನ್ನುತ್ತಾರೆ, ಎಲ್ಲಿ ಉಸಿರು ನಿಲ್ಲುತ್ತೋ ಅಲ್ಲಿ ಸಾಲು ಮುರೀತೀನಿ, ಅದಕ್ಕೇ ವಯಸ್ಸಾದ ಹಾಗೆ ನನ್ನ ಸಾಲುಗಳು ಗಿಡ್ಡ ಆಗ್ತಿವೆ — ಸಭೆ ನಕ್ಕಿತು, ನಾನೂ ನಕ್ಕೆ, ಈ ಮನುಷ್ಯ ಪರವಾಗಿಲ್ಲ. ನಮ್ಮ ಹಳ್ಳಿಶಾಲೆಯ ಮೇಷ್ಟ್ರು ರೂಪ ಗೀಪ ಅನ್ನುತ್ತಿರಲಿಲ್ಲ, ಪ್ರಬಂಧಕ್ಕೆ ತಲೆ, ಹೊಟ್ಟೆ, ಕಾಲು ಇರಬೇಕು ಕತ್ತೆ, ಅನ್ನುತ್ತಿದ್ದರು, ಹಾವಿಗೆ ಕಾಲಿಲ್ಲವಲ್ಲ ಮೇಷ್ಟ್ರೇ ಅಂದೆ, ಹಾವಿನ ಮೇಲೆ ಬರೆದ ಪ್ರಬಂಧವಾದರೂ ಕಾಲಿರಬೇಕು ಅಂತ ಹೊಡೆದರು, ಇಡೀ ಶಾಲೆ ನಕ್ಕಿತು, ಅಣ್ಣ ಮಾತ್ರ ನಗದೆ ಮನೆಯವರೆಗೂ ನನ್ನ ಚೀಲ ಹೊತ್ತ — ಬೇಡ, ಇದು ಈಗ ಬೇಡ, ಅವನನ್ನು ಒಳ್ಳೆಯವನನ್ನಾಗಿ ಮಾಡುವ ಯಾವ ನೆನಪೂ ಈಗ ಬೇಡ. ನಾನು ಹೇಗೆ ಬರೆಯುತ್ತೇನೆ ಅಂತ ಕೇಳುತ್ತಾರೆ, ಖಂಡಿತ ಕೇಳುತ್ತಾರೆ, ಪೇಪರಿನವನೂ ಅದನ್ನೇ ಕೇಳಿ ಫೋಟೋ ಹೊಡೆದುಕೊಂಡು ಹೋದ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ, ಒಂದೊಂದು ಪ್ರಸಂಗಕ್ಕೂ ಒಂದೊಂದು ಹಾಳೆ, ಹಾಳೆಗೆ ಕ್ಲಿಪ್ಪು, ಹಗ್ಗದ ಈ ತುದಿಯಿಂದ ಆ ತುದಿಗೆ ಓದುತ್ತ ನಡೆಯೋದು, ಸರಿಬರದಿದ್ದರೆ ಕಿತ್ತು ಬೇರೆ ಕಡೆ ಸಿಕ್ಕಿಸೋದು, ಇದೇ ನನ್ನ ರಚನೆ, ಕಟ್ಟಡವಲ್ಲ ಉಸಿರಲ್ಲ, ಹಗ್ಗ. ಬರೆಯುತ್ತಿದ್ದಾಗ ಒಂದು ದಿನ ಯಾರೋ ಹಿಂಬಾಗಿಲು ತೆಗೆದರು, ಗಾಳಿ ನುಗ್ಗಿತು, ನಡುವಿನ ಹಾಳೆಗಳು ಕಿತ್ತುಕೊಂಡು ನೆಲಕ್ಕೆ ಬಿದ್ದವು, ನಾನು ಬೈದುಕೊಳ್ಳುತ್ತ ಉಳಿದವನ್ನು ಒತ್ತರಿಸಿ ಓದುತ್ತ ಬಂದೆ, ಮಗ ಹೊರಗಿನಿಂದ ಕೀಲಿ ತಿರುಗಿಸುತ್ತಾನೆ, ಒಳಗಿನಿಂದ ತಾಯಿ ಯಾರು ಯಾರು ಅನ್ನುತ್ತಾಳೆ, ಮುಂದಿನ ಹಾಳೆ, ಹೆಣ ಹೊರಗೆ ತರಲು ಬಾಗಿಲು ಸಾಲುತ್ತದೋ ಇಲ್ಲವೋ ಅಂತ ಗಂಡಸರು ಮೊಳ ಹಾಕುತ್ತಿದ್ದಾರೆ — ಮೈ ಜುಮ್ಮೆಂದಿತು. ಅಲ್ಲೇ ಒದ್ದೆ ಬೆಡ್‌ಶೀಟುಗಳ ನಡುವೆ ನಿಂತುಬಿಟ್ಟೆ. ಯಾರು ಬರೆದದ್ದು ಇದು, ನಾನೇನಾ. ನೆಲಕ್ಕೆ ಬಿದ್ದ ಹಾಳೆಗಳನ್ನು ತಿರುಗಿ ಸಿಕ್ಕಿಸಿ ಓದಿದೆ, ಟೈಲರಮ್ಮ, ಬೀಗ ತೆಗೆಯೋದು, ಉಗುರು, ಜ್ವರ, ಆಸ್ಪತ್ರೆ, ತಣ್ಣಗಾಯಿತು, ಕರೆಂಟು ಹೋದ ಇಸ್ತ್ರಿಪೆಟ್ಟಿಗೆಯ ಹಾಗೆ, ಭಾರ ಇದೆ ಕಾವಿಲ್ಲ. ತೆಗೆದೆ. ಬಿಸಿಯಾಯಿತು. ಬರೆಯುವವರು ಯಾರೇ ಆಗಲಿ ಎದೆ ಮುಟ್ಟಿ ಹೇಳಲಿ, ತಣ್ಣಗಿದ್ದದ್ದನ್ನು ಇಟ್ಟುಕೊಳ್ಳುತ್ತಾರಾ. ಶಾಲಿನವರನ್ನು ಕೇಳಿ ನೋಡಿ, ಕಿಟಕಿಯಿಂದ ತಮ್ಮ ಹೆತ್ತವರನ್ನೇ ಹೊರಗೆ ಹಾಕುತ್ತಾರೆ. ಇನ್ನು ಆ ಖಾಲಿ ಪುಟ, ಎಲ್ಲರೂ ಹೊಗಳಿದ ಖಾಲಿ ಪುಟ, ಐದನೇ ಅಧ್ಯಾಯಕ್ಕೂ ಆರನೆಯದಕ್ಕೂ ನಡುವೆ ಒಂದಕ್ಷರವಿಲ್ಲದೆ ಬಿಟ್ಟ ಪುಟ, ಅದು ನಾನು ಬಿಟ್ಟದ್ದೂ ಅಲ್ಲ, ಅಧ್ಯಾಯ ಬಲಗಡೆಯ ಪುಟದಲ್ಲೇ ಶುರುವಾಗಬೇಕು ಅನ್ನೋದು ಪ್ರೆಸ್ಸಿನವರ ಪದ್ಧತಿ, ಐದನೆಯದು ಬಲಗಡೆ ಮುಗಿಯಿತು, ಎಡಗಡೆ ಖಾಲಿ ಬಿತ್ತು. ಮೌನವನ್ನೇ ಅಚ್ಚು ಹಾಕಿಸಿದ್ದಾರೆ ಅಂತ ಬರೆದರು ನನ್ನ ಬಗ್ಗೆ. ನಾನೂ ಸುಮ್ಮನಿದ್ದೆ, ಬಂದ ಹೊಗಳಿಕೆಯನ್ನು ಅಡ್ರೆಸ್ ತಪ್ಪಿದೆ ಅಂತ ಯಾರು ವಾಪಸ್ ಕಳಿಸುತ್ತಾರೆ. ಉಗುರು. ಯಾಕೆ ಉಗುರು, ಐದು ಹಾಳೆಗಳಲ್ಲಿ ಅದೊಂದೇ ಯಾಕೆ ಮತ್ತೆ ಬರುತ್ತದೆ, ಹಳೇ ಪೇಪರಿನ ಮೇಲೆ ಚಿಟ್ ಅಂತ ಬೀಳುವ ಉಗುರು, ಕಡ್ಡಿಯ ಹಾಗೆ ಒಣಗಿದ ಅಮ್ಮನ ಬೆರಳು, ಅದರ ಕೆಳಗೆ ಅಣ್ಣನ ಮೊಣಕಾಲು.

ಮೈಕು ಬಂತು. ಬೆಚ್ಚಗಿದೆ, ಕವಿಯ ಕೈ ಬಿಸಿ. ಮೇಡಂ ನನ್ನ ಕಡೆ ತಿರುಗಿ, ನಿಮ್ಮ ಆ ಬಿಳಿ ಪುಟದ ಬಗ್ಗೆ ನಾನು ಮಕ್ಕಳಿಗೆ ಒಂದಿಡೀ ಗಂಟೆ ಪಾಠ ಮಾಡಿದ್ದೀನಿ, ಅನ್ನುತ್ತಾರೆ, ಕೀಲಿ ತಿರುಗಿದ ಮೇಲೆ ಏನಾಯ್ತು ಅಂತ ಹೇಳದೇ ಹೇಳಿದ್ದೀರಿ, ಒಬ್ಬ ಮಗನ ಕ್ರೌರ್ಯಾನ ಹೀಗೆ ಒಂದು ಶಬ್ದ ಇಲ್ಲದೆ — ಕ್ರೌರ್ಯ ಅಂದರು. ಅಣ್ಣ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದ, ನೋಡಿದೆ. ಗುಬ್ಬಿ ಜಾರಲಿಲ್ಲ, ನೆಟ್ಟಗೆ ಕೂತಿದ್ದಾಳೆ, ಅಮ್ಮನದೇ ಕತ್ತು. ನೀನು ಹೇಳು, ಅಂದಿದ್ದ ಅಣ್ಣ ಆವತ್ತು ಅಂಗಡಿಯಲ್ಲಿ, ನಾನು ಹೇಳಿದರೆ ನಂಬಲ್ಲ, ನೀನು ತಪ್ಪಿಸಿಕೊಳ್ಳೋಕೆ ಹೇಳ್ತೀಯ ಅಂತಾಳೆ, ಆಗ ಅವಳು ತಾಯಿಯ ಜೊತೆ ಅಜ್ಜನ ಮನೆಯಲ್ಲಿದ್ದಳು, ಚಿಕ್ಕವಳು, ಇವರಿಬ್ಬರೂ ಏನೂ ಕಂಡಿಲ್ಲ, ಕಂಡವಳು ನೀನೊಬ್ಬಳೇ ಉಳಿದಿರೋದು. ಮನೆಗೆ ಬಂದು ಹೇಳ್ತೀನಿ ಅಂತ ನಾನು ಅಂದಿದ್ದರೆ ಆಗಿಹೋಗುತ್ತಿತ್ತಾ. ಇಲ್ಲ, ಮನೆಯಲ್ಲಿ ಹೇಳಿದರೆ ನಾನು ಹೇಳಿಸಿದೆ ಅಂತಾಳೆ, ಅವಳು ಅಚ್ಚಾದದ್ದನ್ನು ನಂಬೋಳು, ಜನರೆದುರು ಹೇಳು, ಅಂದ. ಅದಕ್ಕೆ ನಾನೇನಂದೆ, ಕಡ್ಡಿ ಮುರಿದ ಹಾಗೆ ಅಂದೆ, ನಾನು ಬರೆದದ್ದಕ್ಕೆ ನಾನು ಬಾಲಂಗೋಚಿ ಕಟ್ಟಲ್ಲ, ನಿನ್ನ ಮಗಳನ್ನು ನೀನು ಸರಿಮಾಡಿಕೋ, ನಾನೇನು ನಿನ್ನ ವಕೀಲಳಾ. ಅವನು ಪುಸ್ತಕ ಎತ್ತಿಕೊಂಡು ಹೋದ, ಇಸ್ತ್ರಿಯಾದ ಅವನ ಖಾಕಿ ಅಲ್ಲೇ ಉಳಿಯಿತು, ಈಗಲೂ ಕಪಾಟಿನಲ್ಲಿದೆ. ಹೇಳಿ ಮೇಡಂ, ಅನ್ನುತ್ತಾರೆ ಕಾಲೇಜಿನ ಮೇಡಂ, ನನ್ನನ್ನು ಮೇಡಂ ಅನ್ನುತ್ತಾರೆ, ರೂಪದ ಬಗ್ಗೆ ನಿಮ್ಮ ವಿಚಾರ. ಇಸ್ತ್ರಿಯ ಕಥೆ ಹೇಳಬಹುದು. ಮೊದಲು ಕಾಲರ್, ಆಮೇಲೆ ಭುಜ, ಕಫ್, ತೋಳು, ಕೊನೆಗೆ ಮೈ, ಮೈ ಮೊದಲು ಮಾಡಿದರೆ ತೋಳು ಮಾಡುವಾಗ ಮತ್ತೆ ಮುದುಡುತ್ತದೆ, ಕಾದಂಬರಿಯೂ ಹಾಗೇ ಅಂದರೆ ಸಾಕು, ಸಭಾಂಗಣ ಎದ್ದು ಚಪ್ಪಾಳೆ ಹೊಡೆಯುತ್ತದೆ, ಇಸ್ತ್ರಿ ಹೆಂಗಸು ಎಷ್ಟು ಚೆಂದ ಹೇಳಿದಳು ನೋಡಿ, ಆ ಚಪ್ಪಾಳೆ ನನಗೆ ಗೊತ್ತು, ಮಂಗ ಸೈಕಲ್ ಹೊಡೆದರೂ ಅದೇ ಚಪ್ಪಾಳೆ. ಹೇಳಲಿಲ್ಲ. ಕೆಲವು ತೆಗೀತೀನಿ, ಕೆಲವು ಇಡ್ತೀನಿ, ಅಷ್ಟೇ ಗೊತ್ತು ನನಗೆ, ಅಂದೆ. ಆದರೂ ಚಪ್ಪಾಳೆ ಬಿತ್ತು. ಸಂಯಮ, ಅಂದರು ಮೇಡಂ, ನೋಡಿ, ಮಾತಲ್ಲೂ ಅದೇ ಸಂಯಮ. ಮುಗಿಯಿತು, ಗೆದ್ದೆ, ಬೆವರು ಕುತ್ತಿಗೆಯಿಂದ ಬೆನ್ನಿಗಿಳಿಯಿತು, ಅಣ್ಣ ನೆಲ ನೋಡುತ್ತಿದ್ದಾನೆ, ನೋಡಲಿ, ನನಗೊಂದು ಪುಸ್ತಕ ಆಗಿದೆ, ಮುದುಕಿಯಾಗುವ ಹೊತ್ತಿಗೆ ಒಂದು, ಅದನ್ನು ನಾನೇ ಕೈಯಾರೆ — ಚಿಟ್, ಪೇಪರಿನ ಮೇಲೆ ಹೆಬ್ಬೆರಳಿನದು ಬಿತ್ತು, ಅದು ದಪ್ಪ, ದೂರ ಹಾರುತ್ತದೆ, ಅಣ್ಣ ಅದನ್ನು ಹುಡುಕಿ ತಂದು ಪೇಪರಿಗೆ ಹಾಕುತ್ತಾನೆ, ಕಾಲಿಗೆ ಚುಚ್ಚಿಬಿಟ್ಟೀತು ಅಂತ ತಾನೇ ಹೇಳಿಕೊಳ್ಳುತ್ತಾನೆ. ಈಗ ಪ್ರೇಕ್ಷಕರಿಂದ ಪ್ರಶ್ನೆಗಳು, ಅಂದರು ಮೇಡಂ, ಗುಬ್ಬಿ ಎದ್ದು ನಿಂತಾಗಿತ್ತು.

ಅವಳಿಗೆ ಮೈಕು ಬೇಕಾಗಲಿಲ್ಲ. ಅತ್ತೆ, ಅಂದಳು, ಸಭೆಯಲ್ಲಿ ಅತ್ತೆ ಅಂದಳು, ತಲೆಗಳೆಲ್ಲ ಅವಳ ಕಡೆ ತಿರುಗಿದವು, ಅಣ್ಣ ಅವಳ ಅಂಗಿಯ ಚುಂಗು ಎಳೆದು ಕೂತ್ಕೊಳ್ಳೇ ಅನ್ನುತ್ತಿದ್ದಾನೆ, ಹೇಳಿಸಲು ಬಂದವನೇ ಈಗ ಬೇಡ ಅನ್ನುತ್ತಿದ್ದಾನೆ, ಹೇಡಿ, ಮೊದಲಿಂದಲೂ ಇಷ್ಟೇ ಇವನು. ಅತ್ತೆ, ಐದಕ್ಕೂ ಆರಕ್ಕೂ ನಡುವೆ ಏನಾಯ್ತು. ಮೇಡಂ ನಕ್ಕರು, ಅದನ್ನು ನಾವು ಊಹಿಸಬೇಕು ಪುಟ್ಟ, ಅದೇ ಕೃತಿಯ ಶಕ್ತಿ. ನಾನು ಊಹಿಸಿ ಆಗಿದೆ ಮಿಸ್, ಅಂದಳು ಗುಬ್ಬಿ, ದಿನಾ ಊಹಿಸ್ತಿದ್ದೀನಿ, ಅದಕ್ಕೇ ಕೇಳ್ತಿದ್ದೀನಿ. ಸಿಟ್ಟು ಬರಲಿ ಅಂತ ಕಾಯುತ್ತೇನೆ, ಬರುತ್ತದೆ ಯಾವಾಗಲೂ, ಕರೆಯದಿದ್ದರೂ ಬರುತ್ತದೆ, ಈಗ ಬರುತ್ತಿಲ್ಲ, ಹೇಳಿಬಿಟ್ಟರೆ ಆ ಬಿಳಿ ಪುಟ ಬರೀ ಪ್ರೆಸ್ಸಿನವರ ಬಿಳಿ ಪುಟ ಆಗುತ್ತದೆ, ಇನ್ನು ಮೇಲೆ ಯಾರು ಓದಿದರೂ ಓಹೋ ಅದಾ, ಆ ಮುದುಕಿ ಆಮೇಲೂ ಬದುಕಿದ್ದಳಂತೆ ಅಂತ ಓದುತ್ತಾರೆ, ಹೇಳದಿದ್ದರೆ ಆ ಖಾಲಿ ಕುರ್ಚಿ ಅಲ್ಲೇ ಇರುತ್ತದೆ, ಇವತ್ತು ಬ್ಯಾಗು, ನಾಳೆ ಏನೋ, ಗುಬ್ಬಿ ಅಪ್ಪನ ವ್ಯಾನು ಹತ್ತೋದನ್ನೂ ಬಿಟ್ಟಿದ್ದಾಳಂತೆ, ನಡೆದೇ ಹೋಗುತ್ತಾಳಂತೆ ಕಾಲೇಜಿಗೆ, ಹಿಂದೆ ಹಿಂದೆ ಇವನು ನಿಧಾನ ವ್ಯಾನ್ ಓಡಿಸುತ್ತ — ಇದು ಒಳ್ಳೆಯ ಪ್ರಸಂಗ, ಒಂದು ಹಾಳೆಗಾಗುತ್ತದೆ ಅನ್ನಿಸಿತು, ಥೂ, ಈ ಹೊತ್ತಲ್ಲೂ ಕ್ಲಿಪ್ಪು ಹುಡುಕುವ ನನ್ನ ಬುದ್ಧಿಗೆ ಬೆಂಕಿ ಬೀಳಲಿ. ನಿಮ್ಮಪ್ಪ ಬಂದ, ಅಂದೆ. ನನ್ನ ದನಿ ಮೈಕಿನಿಂದ ಹೊರಟು ಗೋಡೆಗೆ ಬಡಿದು ನನಗೇ ವಾಪಸು ಬಂತು. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ, ಬೀಗ ತೆಗೆದ, ಅಜ್ಜಿ ಬದುಕಿದ್ದಳು. ಆಮೇಲೂ ಬಹಳ ಕಾಲ ಬದುಕಿದ್ದಳು. ಮರೆವು ಬಂದು ರಸ್ತೆಗೆ ಹೋಗಿ ನಿಲ್ತಿದ್ದಳು ಅಂತ ಬೀಗ ಹಾಕ್ತಿದ್ದ, ಎದುರುಮನೆಯವಳ ಹತ್ತಿರ ಇನ್ನೊಂದು ಕೀಲಿ ಇತ್ತು, ಅವಳನ್ನು ನಾನೇ ಕಾದಂಬರಿಯಿಂದ ತೆಗೆದೆ. ಅಜ್ಜಿ ಹೋಗಿದ್ದು ಆಸ್ಪತ್ರೆಯಲ್ಲಿ, ಜ್ವರದಲ್ಲಿ, ನಾವಿಬ್ಬರೂ ಪಕ್ಕದಲ್ಲೇ ಇದ್ದೆವು. ಅಷ್ಟೇನಾ, ಅಂತ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು, ಕೇಳಿಸಿತು. ಅಂದರೆ ನಿಜಜೀವನದ ಸತ್ಯ ಬೇರೆ, ಕೃತಿಯ ಸತ್ಯ ಬೇರೆ, ಅಂತ ಮೇಡಂ ಗಾಯಕ್ಕೆ ಬಟ್ಟೆ ಸುತ್ತುವವರ ಹಾಗೆ ಶುರುಮಾಡಿದರು, ಶಾಲಿನವರು ಛಾವಣಿ ನೋಡಿದರು, ಕವಿ ಮಾತ್ರ ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು. ಗುಬ್ಬಿ ಇನ್ನೂ ನಿಂತೇ ಇದ್ದಾಳೆ. ಅಪ್ಪನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ. ಮತ್ತೆ ಅದನ್ನು ಯಾಕೆ ಬರೀಲಿಲ್ಲ ಅತ್ತೆ. ಬರೆದಿದ್ದೆ, ಅಂತ ಬಾಯಿ ತೆರೆದೆ, ಬರೆದಿದ್ದೆ ಕಣೇ, ಹಾಳೆ ತುಂಬ ಬರೆದಿದ್ದೆ, ವ್ಯಾನಿಗೆ ರಜೆ, ಬಾಗಿಲು ಪೂರ್ತಿ ತೆರೆದಿದೆ, ಹೊಸಿಲಿನ ಹತ್ತಿರ ಬಿಸಿಲಲ್ಲಿ ಹಳೇ ಪೇಪರು ಹಾಸಿದ್ದಾನೆ, ನಾನು ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೇನೆ, ಅಮ್ಮನ ಕೈ ಅವನ ಮೊಣಕಾಲ ಮೇಲೆ, ಯಾರಪ್ಪ ನೀನು, ಅನ್ನುತ್ತಾಳೆ ಅಮ್ಮ, ಎಷ್ಟು ಹದವಾಗಿ ತೆಗೀತೀಯ, ನಿನ್ನ ತಾಯಿ ಪುಣ್ಯವಂತೆ, ಹೌದಮ್ಮ, ಪುಣ್ಯವಂತೆ, ಅನ್ನುತ್ತಾನೆ ತಲೆ ಎತ್ತದೆ, ಚಿಟ್, ತೋರುಬೆರಳು, ಚಿಟ್, ನಡುಬೆರಳು, ಉಂಗುರದ ಬೆರಳು, ಆಮೇಲೆ ಅಮ್ಮ ಕೈ ಎಳೆದುಕೊಂಡಳು, ಮುಷ್ಟಿ ಬಿಗಿದಳು, ಕಿರುಬೆರಳು ಒಳಗೆ. ಇದು ಬೇಡ, ಇದು ನನ್ನ ಮಗ ಹಿಡಕೊಳ್ಳೋ ಬೆರಳು, ಶಾಲೆಯಿಂದ ಬರ್ತಾನೆ ಈಗ. ಅಣ್ಣ ನೇಲ್‌ಕಟರ್ ಕೆಳಗಿಟ್ಟ. ತನ್ನ ಅಂಗೈ ಬಿಚ್ಚಿ ಅವಳ ಮುಷ್ಟಿಯ ಕೆಳಗೆ ಹಿಡಿದ. ಬಿಚ್ಚಲಿ ಅಂತ ಕಾಯುತ್ತಿದ್ದಾನೆ. ಸಭೆ ಕಾಯುತ್ತಿದೆ, ಗುಬ್ಬಿ ಕಾಯುತ್ತಿದ್ದಾಳೆ, ಅದನ್ನು ಯಾಕೆ ತೆಗೆದೆ, ಎಲ್ಲಿ ಇಡಬೇಕಿತ್ತು ಅದನ್ನು, ಯಾವುದರ ಮುಂದೆ, ಯಾವುದರ ಹಿಂದೆ, ಮುಷ್ಟಿ ಮುಚ್ಚಿದೆ, ಕೆಳಗೆ ಅಂಗೈ, ಮುಷ್ಟಿ, ಅಂಗೈ, ಮುಷ್ಟಿ